ಸ್ಯಾಸ್ ಮ್ಯಾಕ್ರೋದಲ್ಲಿ ಖಾಲಿ ಡೇಟಾಸೆಟ್: ಸಾಲು ಎಣಿಸುವ ದಾರಿಗಳ ಹೋಲಿಕೆ

ಸ್ಯಾಸ್ (SAS) ಡೇಟಾ ವಿಶ್ಲೇಷಣೆಯ ಸಾಫ್ಟ್‌ವೇರ್; ಅದರ ಮ್ಯಾಕ್ರೋ ಎಂದರೆ ಒಂದೇ ಕೋಡನ್ನು ಬೇರೆ ಬೇರೆ ಮೌಲ್ಯಗಳಿಗೆ ಮತ್ತೆ ಮತ್ತೆ ಓಡಿಸುವ ಸಾಧನ. ಎ, ಬಿ ಎಂಬಂಥ ಗುಂಪುಗಳಿಗೆ ಒಂದೊಂದು ಟೇಬಲ್ ಮಾಡುವ ಮ್ಯಾಕ್ರೋ ಲೂಪಿನಲ್ಲಿ ಒಂದು ಗುಂಪಿಗೆ ಸಾಲೇ ಸಿಗದಿದ್ದರೆ ಸ್ಯಾಸ್ ಎರರ್ ಕೊಡುವುದಿಲ್ಲ. ಟೇಬಲ್ ಮುದ್ರಿಸುವ ಪ್ರಾಕ್ ರಿಪೋರ್ಟ್ ಏನನ್ನೂ ಮುದ್ರಿಸದೆ ಮುಂದೆ ಹೋಗುತ್ತದೆ, ಲಾಗಿನಲ್ಲಿ ಒಂದು ನೋಟ್ ಅಷ್ಟೆ. ಕ್ಲಿನಿಕಲ್ ಟ್ರಯಲ್ ವರದಿಯಲ್ಲಿ ಇದು ದೊಡ್ಡ ಲೋಪ. ಬಿ ಗುಂಪಿನಲ್ಲಿ ಯಾರಿಗೂ ಗಂಭೀರ ಅಡ್ಡಪರಿಣಾಮ ಆಗಲಿಲ್ಲವೋ, ಟೇಬಲ್ಲೇ ಬಿಟ್ಟುಹೋಯಿತೋ ಓದುವವರಿಗೆ ತಿಳಿಯದು. ಹಾಗಾಗಿ ಮೊದಲು ಸಾಲು ಎಣಿಸಲೇಬೇಕು.

ಡೇಟಾ ಸ್ಟೆಪ್ಪಿನ (ಡೇಟಾವನ್ನು ಸಾಲುಸಾಲಾಗಿ ಓದುವ ಕೋಡ್ ಭಾಗ) ಎನ್‌ಒಬಿಎಸ್= (NOBS=, ಸಾಲುಗಳ ಸಂಖ್ಯೆ) ತುಂಬ ವೇಗ, ಏಕೆಂದರೆ ಸಂಖ್ಯೆ ಕಂಪೈಲ್ ಹಂತದಲ್ಲೇ, ಸಾಲು ಓದುವ ಮೊದಲೇ, ಸಿಗುತ್ತದೆ. ಆದರೆ ಅದು ವೇರ್ (WHERE, ಸಾಲು ಸೋಸುವ) ಷರತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಳಿಸಿದ ಸಾಲುಗಳನ್ನೂ ಸೇರಿಸುತ್ತದೆ. ಕೆಲವು ವ್ಯೂಗಳಿಗಂತೂ (ಡೇಟಾ ಇಟ್ಟುಕೊಳ್ಳದೆ, ಕೇಳಿದಾಗ ತಂದುಕೊಡುವ ಟೇಬಲ್) ಅರ್ಥವಿಲ್ಲದ ಭಾರೀ ಸಂಖ್ಯೆ ಬರುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ಕೆಟ್ಟದ್ದು. 'ಇಫ್ 0 ದೆನ್ ಸೆಟ್' ಎಂದು ಬರೆಯದೆ ಬರೀ ಸೆಟ್ (ಸಾಲು ಓದುವ ಆಜ್ಞೆ) ಹಾಕಿ, ಅದರ ಕೆಳಗೆ ಮ್ಯಾಕ್ರೋ ವೇರಿಯಬಲ್ಲಿಗೆ ಸಂಖ್ಯೆ ಬರೆಯುವ ಕಾಲ್ ಸಿಂಪುಟ್‌ಎಕ್ಸ್ ಇಟ್ಟರೆ, ಖಾಲಿ ಡೇಟಾಸೆಟ್ಟಿನಲ್ಲಿ ಸ್ಟೆಪ್ ಸೆಟ್ ಹತ್ತಿರವೇ ನಿಂತುಬಿಡುತ್ತದೆ. ಎ ಗುಂಪಿಗೆ 7 ಬಂದಿದ್ದರೆ ವೇರಿಯಬಲ್ಲಿನಲ್ಲಿ ಅದು ಹಾಗೆಯೇ ಉಳಿದು, ಬಿ ಗುಂಪಿಗೂ 7 ಸಾಲು ಇದೆ ಎಂದು ಮ್ಯಾಕ್ರೋ ನಂಬುತ್ತದೆ.

ಪ್ರಾಕ್ ಎಸ್‌ಕ್ಯೂಎಲ್‌ನ ಕೌಂಟ್(*)ನಿಂದ ಎಣಿಸಿ ಇನ್‌ಟು ಮೂಲಕ ವೇರಿಯಬಲ್ಲಿಗೆ ತುಂಬುವುದು ಈ ವಿಷಯದಲ್ಲಿ ಭದ್ರ: ಸಾಲಿಲ್ಲದಿದ್ದರೂ 0 ಎಂಬ ಉತ್ತರ ಬಂದೇ ಬರುತ್ತದೆ, ವ್ಯೂ, ವೇರ್ ಎರಡಕ್ಕೂ ಸರಿ. ಟ್ರಿಮ್ಡ್ ಸೇರಿಸಿದರೆ ಸಂಖ್ಯೆಗೆ ಮೊದಲಿರುವ ಖಾಲಿ ಜಾಗ ಹೋಗುತ್ತದೆ. ಆದರೆ ಹೆಸರುಗಳ ಪಟ್ಟಿಯನ್ನು ಸೆಪರೇಟೆಡ್ ಬೈ ಹಾಕಿ (ನಡುವೆ ಗುರುತಿಟ್ಟು ಜೋಡಿಸಿ) ತರುವಾಗ ಈ ಭದ್ರತೆ ಇಲ್ಲ. ಸಾಲು ಬರದಿದ್ದರೆ ವೇರಿಯಬಲ್ ಮುಟ್ಟದೆ ಉಳಿಯುತ್ತದೆ, ಮತ್ತೆ ಹಳೆಯ ಪಟ್ಟಿಯೇ. ಅದಕ್ಕೆ, ವೇರಿಯಬಲ್ಲಿಗೆ ಮೌಲ್ಯ ಕೊಡುವ %ಲೆಟ್‌ನಿಂದ ಮೊದಲೇ ಖಾಲಿ ಮಾಡಿಕೊಳ್ಳಿ.

ಡೇಟಾಸೆಟ್ ತೆರೆಯುವ ಓಪನ್, ಸಾಲಿನ ಸಂಖ್ಯೆ ಕೇಳುವ ಎಟಿಟಿಆರ್‌ಎನ್ (ATTRN), ಮುಚ್ಚುವ ಕ್ಲೋಸ್, ಈ ಮೂರನ್ನೂ %ಸಿಸ್‌ಫಂಕ್ (ಮ್ಯಾಕ್ರೋದಲ್ಲಿ ಫಂಕ್ಷನ್ ಕರೆಯುವ ದಾರಿ) ಮೂಲಕ ಕರೆದರೆ ಸ್ಟೆಪ್ಪೇ ಬೇಡ. ಹಾಗಾಗಿ ಇನ್ನೊಂದು ಸ್ಟೆಪ್ಪಿನ ನಡುವೆಯೂ ಕರೆಯಬಹುದಾದ ಮ್ಯಾಕ್ರೋ ಬರೆಯಲು ಇದೇ ಸರಿ. ಎಟಿಟಿಆರ್‌ಎನ್‌ಗೆ ಕೊಡುವ ಆಯ್ಕೆಗಳಲ್ಲಿ ಎನ್‌ಎಲ್‌ಒಬಿಎಸ್ (NLOBS) ವೇರ್ ನೋಡುವುದಿಲ್ಲ, ಎನ್‌ಎಲ್‌ಒಬಿಎಸ್‌ಎಫ್ (NLOBSF) ನೋಡುತ್ತದೆ, ಆದರೆ ಡೇಟಾ ಪೂರ್ತಿ ಓದುತ್ತದೆ. ಓಪನ್ 0 ಕೊಟ್ಟರೆ ಫೈಲೇ ತೆರೆದಿಲ್ಲ ಎಂದರ್ಥ, ಅದನ್ನು ಬೇರೆಯಾಗಿ ಪರೀಕ್ಷಿಸಿ. ಕ್ಲೋಸ್ ಮರೆತರೆ ಅದೇ ಡೇಟಾಸೆಟ್ಟಿಗೆ ಮತ್ತೆ ಬರೆಯಲು ಹೋದಾಗ ನಿಮ್ಮದೇ ಸೆಷನ್ ಅದನ್ನು ಹಿಡಿದುಕೊಂಡಿದೆ ಎಂಬ ಎರರ್ ಬರುತ್ತದೆ.

ಎಷ್ಟು ಸಾಲು ಎಂಬುದು ಬೇಡ, ಇದೆಯೋ ಇಲ್ಲವೋ ಸಾಕು ಎಂದಾದರೆ ನನ್ನ ಆಯ್ಕೆ ಬೇರೆ. %ಲೆಟ್‌ನಿಂದ ಮೊದಲು 0 ಇಡಿ. ಡೇಟಾ ಸ್ಟೆಪ್ಪಿನಲ್ಲಿ ವೇರ್ ಸಹಿತ ಸೆಟ್, ನಂತರ ಸಿಂಪುಟ್‌ಎಕ್ಸ್‌ನಿಂದ 1, ನಂತರ ಸ್ಟಾಪ್. ಮೊದಲ ಸಾಲು ಸಿಕ್ಕ ಕೂಡಲೇ ಓದುವುದು ನಿಲ್ಲುತ್ತದೆ, ಸಿಗದಿದ್ದರೆ 0 ಉಳಿಯುತ್ತದೆ. ವೇರಿಯಬಲ್ಲನ್ನು %ಲೋಕಲ್ (ಆ ಮ್ಯಾಕ್ರೋದೊಳಗೆ ಮಾತ್ರ) ಮಾಡುವುದನ್ನು ಬಿಡಬೇಡಿ.

0 ಬಂದಾಗ ಸಂದೇಶವಿರುವ ಒಂದೇ ಸಾಲಿನ ಡೇಟಾಸೆಟ್ ಮಾಡಿ ಅದೇ ಪ್ರಾಕ್ ರಿಪೋರ್ಟಿಗೆ ಕೊಡಿ. ಸಂದೇಶದ ಕಾಲಮ್ಮಿಗೆ ಲೆಂಗ್ತ್ ಸಾಕಷ್ಟಿರಲಿ, ಅದು ಬೈಟ್ ಲೆಕ್ಕ. ಯುಟಿಎಫ್-8 (ಅಕ್ಷರ ಸಂಕೇತ ಪದ್ಧತಿ) ಸೆಷನ್ನಿನಲ್ಲಿ 'ಯಾವುದೇ ಪ್ರಕರಣ ವರದಿಯಾಗಿಲ್ಲ' ಎಂಬುದಕ್ಕೇ 71 ಬೈಟ್ ಬೇಕು. $40, ಅಂದರೆ 40 ಬೈಟ್, ಇಟ್ಟರೆ ಉಳಿದದ್ದು ಸದ್ದಿಲ್ಲದೆ ಕತ್ತರಿಸಿ ಹೋಗುತ್ತದೆ.