ಫೆಲ್ಟ್, ಬರೀ ರಬ್ಬರ್, ಮೊಳೆ ಹಾಕಿದ ರಬ್ಬರ್: ಕ್ಯಾಟ್ಸ್‌ಕಿಲ್ಸ್‌ನ ಹೊಳೆಗಿಳಿಯಲು ಯಾವ ಅಟ್ಟೆ?

ಟ್ರೌಟ್ ಮೀನಿಗೆ ಫ್ಲೈ ಗಾಳ, ಅಂದರೆ ಹುಳುವಿನಂತೆ ಕಾಣಲು ಕಟ್ಟಿದ ಗಾಳ, ಹಾಕಲು ಹೊಸದಾಗಿ ಹೊರಟವರೆಲ್ಲ ಮೊದಲು ವಿಚಾರಿಸುವುದು ಗಾಳದ ಕೋಲನ್ನು. ನಾನಾದರೆ ಮೊದಲು ಬೂಟಿನ ಅಟ್ಟೆಯನ್ನು ನೋಡುತ್ತೇನೆ. ಸಾಧಾರಣ ಕೋಲಿನಲ್ಲೂ ಮೀನು ಸಿಗುತ್ತದೆ. ಹಿಮ ಕರಗಿ ಬಂದ ನೀರಿನಲ್ಲಿ ಸೊಂಟದವರೆಗೆ ಇಳಿದಿದ್ದಾಗ ಕಾಲು ಜಾರಿದರೆ ಮಾತ್ರ ಅಂದಿನ ಆಟ ಅಲ್ಲಿಗೇ ಮುಗಿಯುತ್ತದೆ. ಮೊಳೆ ಹಾಕಿದ ರಬ್ಬರ್ ಅಟ್ಟೆಯೇ ನನ್ನ ಆಯ್ಕೆ. ಉಳಿದೆರಡನ್ನು ಯಾಕೆ ಬಿಟ್ಟೆ ಎಂಬುದನ್ನು ಹೇಳುತ್ತೇನೆ.

ನಾವು ನಾಲ್ವರು ಗೆಳೆಯರು ನ್ಯೂಜೆರ್ಸಿಯಲ್ಲಿದ್ದೇವೆ. ಏಪ್ರಿಲ್ ಕೊನೆಗೆ ಹೋಗುವುದು ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ಸ್ ಬೆಟ್ಟಸೀಮೆಗೆ. ಅಲ್ಲಿ ಬೀವರ್‌ಕಿಲ್ ಮತ್ತು ವಿಲೋವೀಮಾಕ್ ಹೊಳೆಗಳು ರಾಸ್ಕೋ ಎಂಬ ಪುಟ್ಟ ಊರಿನಲ್ಲಿ ಕೂಡುತ್ತವೆ. ಆ ದಿನಗಳನ್ನೇ ಆರಿಸಿಕೊಳ್ಳುವುದಕ್ಕೆ ಕಾರಣ ಹೆಂಡ್ರಿಕ್ಸನ್ ಎಂಬ ಮೇಫ್ಲೈ ಹುಳು. ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಳದಲ್ಲಿದ್ದ ಅದರ ಮರಿಗಳು ಮೇಲೇರಿ, ಮಧ್ಯಾಹ್ನ ಎರಡು ಗಂಟೆಯ ಆಸುಪಾಸಿನಲ್ಲಿ ರೆಕ್ಕೆ ಬಿಚ್ಚುತ್ತವೆ. ಅವನ್ನು ನುಂಗಲು ಟ್ರೌಟ್‌ಗಳು ನೀರಿನ ಮೇಲ್ಮೈಗೆ ಬರುವುದು ಒಂದೆರಡು ಗಂಟೆ ಮಾತ್ರ. ಈ ಹುಳುವನ್ನು ಹೋಲುವಂತೆ ರಾಯ್ ಸ್ಟೀನ್‌ರಾಡ್ 1916ರಲ್ಲಿ ರೂಪಿಸಿದ ಫ್ಲೈಯನ್ನು ನಾವು ಇಂದಿಗೂ ಕಟ್ಟುತ್ತೇವೆ. ಆದರೆ ಅದನ್ನು ಮೀನಿನ ಮುಂದೆ ಸಹಜವಾಗಿ ತೇಲಿಬಿಡಬೇಕಾದರೆ ಸೆಳವಿನ ನಡುವೆ ಸರಿಯಾದ ಜಾಗದಲ್ಲಿ ನಿಂತಿರಬೇಕು. ಆ ಎರಡು ಗಂಟೆ ಕಾಲಿನ ಮೇಲೆ ನಂಬಿಕೆ ಇಲ್ಲದಿದ್ದರೆ ಇಡೀ ಪ್ರವಾಸವೇ ಕೈತಪ್ಪಿದಂತೆ.

ನಮ್ಮಲ್ಲಿ ಮೂವರ ಪಾದದ ಅಳತೆ ಒಂದೇ. ಹಾಗಾಗಿ ಮೂರು ಬಗೆಯ ಬೂಟುಗಳನ್ನು ಅದಲುಬದಲು ಮಾಡಿಕೊಂಡು, ಹೊಳೆಯ ಒಂದೇ ಭಾಗವನ್ನು ದಾಟಿ ನೋಡಲು ಸಾಧ್ಯವಾಯಿತು.

ಬರೀ ರಬ್ಬರ್ ಅಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಟ್ಟದ ದಾರಿಯಲ್ಲಿ, ಕೆಸರಿನಲ್ಲಿ, ಹಸಿ ಹುಲ್ಲಿನ ದಡದಲ್ಲಿ ಅದು ಚೆನ್ನಾಗಿ ಹಿಡಿಯುತ್ತದೆ. ಬೀವರ್‌ಕಿಲ್‌ನ ತಳದ ಉರುಟು ಕಲ್ಲುಗಳು ಮಾತ್ರ ಜಡಿಮಳೆಯಲ್ಲಿ ಸೋಗೆ ಹಾಸದೆ ಬಿಟ್ಟ ಮಲೆನಾಡಿನ ಅಂಗಳದಂತೆ ಜಾರುತ್ತವೆ. ಪಾಚಿಯ ಆ ತೆಳುವಾದ ಲೋಳೆಯನ್ನು ರಬ್ಬರ್ ದಾಟಿ ಹೋಗುವುದಿಲ್ಲ, ಅದರ ಮೇಲೆಯೇ ಸರಿಯುತ್ತದೆ. ಮೊಣಕಾಲು ದಾಟಿದ ನೀರಿಗೆ ಇದು ಬೇಡ.

ಫೆಲ್ಟ್ ಎಂದರೆ ನಾರುಗಳನ್ನು ಒತ್ತಿ ಮಾಡಿದ ದಪ್ಪ ಪದರ. ನೀರಿನೊಳಗೆ ಅದಕ್ಕೆ ಸಾಟಿಯಿಲ್ಲ. ನಾರುಗಳು ಲೋಳೆಯನ್ನು ಸೀಳಿ ಕಲ್ಲಿನ ಉಬ್ಬುತಗ್ಗಿಗೆ ಹೊಂದಿಕೊಳ್ಳುತ್ತವೆ, ಸದ್ದೂ ಆಗುವುದಿಲ್ಲ. ಗುಂಪಿನಲ್ಲಿರುವ ಮೈಸೂರಿನ ಗೆಳೆಯ ಇದನ್ನು ಬಿಟ್ಟು ಬೇರೆ ಹಾಕಿದವನಲ್ಲ. ಅವನು ಊರುಗೋಲಿಲ್ಲದೆ ಸೆಳವು ದಾಟುವುದನ್ನು ನೋಡಿದರೆ ಯಾರಿಗಾದರೂ ಫೆಲ್ಟ್ ಬೇಕೆನಿಸುತ್ತದೆ.

ಅವನ ತೊಂದರೆ ಶುರುವಾಗುವುದು ನೀರಿನಿಂದ ಹೊರಬಂದ ಮೇಲೆ. ಫೆಲ್ಟ್ ಒಣಗುವುದಿಲ್ಲ. ಸಂಜೆ ಬಿಚ್ಚಿದ ಬೂಟು ಬೆಳಿಗ್ಗೆಯೂ ನೀರು ಕುಡಿದ ಭಾರದಲ್ಲೇ ಇರುತ್ತದೆ. ಕ್ಯಾಟ್ಸ್‌ಕಿಲ್ಸ್‌ನಲ್ಲಿ ಏಪ್ರಿಲ್ ಕೊನೆಗೂ ರಾತ್ರಿಯ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುವುದುಂಟು. ಜಗಲಿಯಲ್ಲಿಟ್ಟ ಅವನ ಬೂಟಿನ ಅಟ್ಟೆ ಮರಗಟ್ಟಿ ಹೋಗಿತ್ತು. ಅದು ಸಡಿಲವಾಗಲೆಂದು ಬಿಸಿನೀರು ಹೊಯ್ದೆವು, ಮತ್ತೆ ಒದ್ದೆಯಾಯಿತು. ಮಾರನೆಯ ರಾತ್ರಿ ಒಳಗೆ ಹೀಟರ್ ಪಕ್ಕದಲ್ಲಿಟ್ಟ. ಬೆಳಗಾಗುವಷ್ಟರಲ್ಲಿ ಮುಂಗಾಲಿನ ಕಡೆ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆದಿತ್ತು. ಕಾರಿನೊಳಗಿನ ವಾಸನೆಯ ಬಗ್ಗೆ ಒಂದು ಮಾತೂ ಆಡದೆ ಎಲ್ಲರೂ ಕಿಟಕಿ ಇಳಿಸಿಕೊಂಡು ಕುಳಿತೆವು.

ಹಿಮ ಇನ್ನೊಂದು ಕಾಟ. ಕಾರು ನಿಲ್ಲಿಸಿದಲ್ಲಿಂದ ಹೊಳೆಗೆ ಹೋಗುವ ದಾರಿಯಲ್ಲಿ ಮರಗಳ ನೆರಳಿಗೆ ಹಿಮ ಉಳಿದಿರುತ್ತದೆ. ಒದ್ದೆ ಫೆಲ್ಟ್‌ಗೆ ಅದು ಅಂಟಿ, ಹೆಜ್ಜೆ ಹೆಜ್ಜೆಗೂ ಉಂಡೆ ಕಟ್ಟುತ್ತದೆ. ಹತ್ತು ಹೆಜ್ಜೆಗೊಮ್ಮೆ ನಿಂತು ಕೋಲಿನಿಂದ ಕೆರೆಯಬೇಕು, ಇಲ್ಲವಾದರೆ ಪಾದ ಹೊರಳುತ್ತದೆ. ನೀರಿನಲ್ಲಿ ನಮ್ಮೆಲ್ಲರಿಗಿಂತ ಗಟ್ಟಿಯಾಗಿ ನಿಲ್ಲುವವನು ಆ ದಾರಿಯಲ್ಲಿ ಎಲ್ಲರಿಗಿಂತ ಹಿಂದುಳಿದ.

ಇವನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ನನಗೆ ಸಹಿಸಲಾಗದ್ದು ಹೊಳೆ ಬದಲಿಸುವಾಗ ಎದುರಾಗುವ ಪ್ರಶ್ನೆ: ಒದ್ದೆ ಫೆಲ್ಟ್ ಒಂದು ಹೊಳೆಯ ಪಾಚಿಯನ್ನೋ ರೋಗವನ್ನೋ ಇನ್ನೊಂದಕ್ಕೆ ಹೊತ್ತೊಯ್ದರೆ? ನಾವು ಒಂದೇ ಕಡೆ ನಿಲ್ಲುವವರಲ್ಲ. ಶನಿವಾರ ಬೀವರ್‌ಕಿಲ್‌ನಲ್ಲಿದ್ದರೆ ಭಾನುವಾರ ಡೆಲಾವೇರ್ ನದಿಯ ಪಶ್ಚಿಮ ಶಾಖೆಗೋ ಈಸೋಪಸ್ ಹೊಳೆಗೋ ಹೋಗುತ್ತೇವೆ. ಡಿಡಿಮೊ ಎಂಬ ಪಾಚಿ ಡೆಲಾವೇರ್‌ನ ಮೇಲಿನ ಶಾಖೆಗಳಲ್ಲಿ 2007ರಲ್ಲೂ ಈಸೋಪಸ್‌ನಲ್ಲಿ 2009ರಲ್ಲೂ ಕಾಣಿಸಿಕೊಂಡಿತು. ಅದು ಹೆಚ್ಚಾದಾಗ ಕಲ್ಲುಗಳ ಮೇಲೆ ದಪ್ಪ ಕಂಬಳಿ ಹಾಸಿ, ಮೀನು ತಿನ್ನುವ ಹುಳುಗಳ ನೆಲೆಯನ್ನೇ ಮುಚ್ಚಿಬಿಡುತ್ತದೆ. ನ್ಯೂಜಿಲೆಂಡ್ 2008ರಲ್ಲಿ, ಮೇರಿಲ್ಯಾಂಡ್ 2011ರಲ್ಲಿ, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ 2018ರಲ್ಲಿ ಫೆಲ್ಟ್ ಅಟ್ಟೆಯನ್ನು ನಿಷೇಧಿಸಿದ್ದು ಇಂಥ ಜೀವಿಗಳು ಹರಡುತ್ತವೆಂಬ ಭಯದಿಂದ. ನ್ಯೂಯಾರ್ಕ್‌ನಲ್ಲಿ ಅಂಥ ನಿಷೇಧವಿಲ್ಲ.

ಇದರಲ್ಲಿ ಇನ್ನೊಂದು ಪಕ್ಷವೂ ಇದೆ. ಡಿಡಿಮೊ ಹೊರಗಿನಿಂದ ಬಂದದ್ದಲ್ಲ, ನೀರಿನಲ್ಲಿ ರಂಜಕ ತೀರಾ ಕಡಿಮೆಯಾದಾಗ ಮೊದಲೇ ಇದ್ದದ್ದೇ ಹೀಗೆ ಉಕ್ಕುತ್ತದೆ ಎಂದು ಕೆಲವು ವಿಜ್ಞಾನಿಗಳು ವಾದಿಸಿದ್ದಾರೆ. ವರ್ಮಾಂಟ್ ರಾಜ್ಯ 2011ರಲ್ಲಿ ತಂದ ನಿಷೇಧವನ್ನು 2016ರಲ್ಲಿ ಹಿಂತೆಗೆದುಕೊಂಡಿತು. ಮೈಸೂರಿನ ಗೆಳೆಯ ಇದನ್ನೇ ಹಿಡಿದು ವಾದಿಸುತ್ತಾನೆ. ಡಿಡಿಮೊ ವಿಷಯದಲ್ಲಿ ಅವನ ಮಾತನ್ನು ಒಪ್ಪುತ್ತೇನೆ. ಆದರೆ ಮರಿ ಟ್ರೌಟ್‌ಗಳ ಎಲುಬನ್ನು ತಿರುಚಿ, ಅವು ಗಿರಗಿರನೆ ಸುತ್ತುವಂತೆ ಮಾಡುವ ವರ್ಲಿಂಗ್ ರೋಗದ ಬೀಜಾಣುಗಳು ಕೆಸರಿನಲ್ಲೇ ಇರುತ್ತವೆ. ನ್ಯೂಜಿಲೆಂಡ್ ಮಡ್ ಸ್ನೇಲ್ ಎಂಬ ಬಸವನಹುಳು ಅಕ್ಕಿಕಾಳಿಗಿಂತ ದೊಡ್ಡದಲ್ಲ. ಇವಕ್ಕೆಲ್ಲ ಫೆಲ್ಟ್‌ನ ನಾರುಗಳ ಸಂದು ಸಾಕು. ಪೂರ್ತಿ ಒಣಗಿದ ಮೇಲೆ ಇನ್ನೂ 48 ಗಂಟೆ ಬಿಡಬೇಕು ಎಂಬುದು ಸಾಮಾನ್ಯವಾಗಿ ಹೇಳುವ ಎಚ್ಚರಿಕೆ. ಶನಿವಾರ ಸಂಜೆ ಒದ್ದೆಯಾದ ಫೆಲ್ಟ್ ಭಾನುವಾರ ಬೆಳಿಗ್ಗೆಗೆ ಆ ಸ್ಥಿತಿಗೆ ಬರಲು ಸಾಧ್ಯವೇ ಇಲ್ಲ. ಹಿಡಿದ ಮೀನನ್ನು ಅಷ್ಟು ಜತನದಿಂದ ನೀರಿಗೆ ಮರಳಿಸುವವರು ಆ ಹೊಳೆಗೆ ರೋಗ ಹೊತ್ತು ಹೋಗುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ರಬ್ಬರ್ ಅಟ್ಟೆಯನ್ನಾದರೆ ಬ್ರಷ್ಷಿನಿಂದ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಒರೆಸಿಬಿಡಬಹುದು. ಲೇಸು ಮತ್ತು ಒಳಪದರಗಳಲ್ಲಿ ನೀರು ಉಳಿಯುವುದು ನಿಜ. ಅದಕ್ಕಾಗಿ ಲೇಸು ಬಿಚ್ಚಿ ನಾಲಗೆ ಎಳೆದು ಗಾಳಿಗೆ ಇಡುತ್ತೇನೆ, ಒಳಭಾಗ ಹಸಿಯಿದೆ ಎನಿಸಿದರೆ ಮರುದಿನವೂ ಅದೇ ಹೊಳೆಯಲ್ಲಿ ಉಳಿಯುತ್ತೇನೆ.

ಇನ್ನು ಮೊಳೆ. ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಚಿಕ್ಕ ಮೊಳೆಗಳನ್ನು ಅಟ್ಟೆಗೆ ತಿರುಪಿ ಕೂರಿಸಬೇಕು. ಅವು ಪಾಚಿಯನ್ನು ಚುಚ್ಚಿ ಕಲ್ಲನ್ನೇ ಕಚ್ಚುತ್ತವೆ. ಹಿಡಿತದಲ್ಲಿ ಫೆಲ್ಟ್‌ಗೆ ನೂರು ಅಂಕ ಕೊಟ್ಟರೆ ಇದಕ್ಕೆ ತೊಂಬತ್ತು ಕೊಡುತ್ತೇನೆ. ಕೆಸರು ದಡದಲ್ಲಿ, ಹಿಮದಲ್ಲಿ, ಏರುದಾರಿಯಲ್ಲಿ ಇದೇ ಮುಂದೆ. ಒಣಗಿದ ನುಣುಪು ಬಂಡೆಯ ಮೇಲೆ ಮಾತ್ರ ಕಾಲು ಸರಿಯುತ್ತದೆ, ಅಲ್ಲಿ ನಿಧಾನ ಬೇಕು. ಕಲ್ಲಿಗೆ ತಾಗಿ ಕಿರ್ರೆನ್ನುವುದರಿಂದ ತಿಳಿಯಾದ, ನಿಧಾನ ಹರಿಯುವ ಮಡುಗಳಲ್ಲಿ ನಾನು ಹೆಚ್ಚು ಓಡಾಡುವುದಿಲ್ಲ. ಬಾಡಿಗೆ ದೋಣಿಯವರು ಮೊಳೆಯ ಬೂಟು ಹತ್ತಿಸುವುದಿಲ್ಲ. ತಂಗುವ ಮನೆಯ ಮರದ ನೆಲಕ್ಕೂ ಅದು ಆಗದು. ನಾವು ದೋಣಿ ಹಿಡಿಯುವುದು ಅಪರೂಪ, ಆದ್ದರಿಂದ ಇದು ನನ್ನನ್ನು ಕಾಡಿಲ್ಲ. ಪ್ರತಿ ವಸಂತದಲ್ಲೂ ದೋಣಿಯಲ್ಲೇ ತೇಲುವವರಿಗೆ ನನ್ನ ಆಯ್ಕೆ ಸರಿಹೋಗದು.

ಮೊಳೆಯ ಬದಲು ಅಲ್ಯೂಮಿನಿಯಂ ಪಟ್ಟಿಗಳಿರುವ ಬೂಟುಗಳೂ ಇವೆ. ಹಿಡಿತ ಅದ್ಭುತ, ಬೆಲೆ ನನ್ನ ಅಳವಿಗೆ ಮೀರಿದ್ದು.

ಖರ್ಚಿನ ಮಾತು. ನಾನು ಕೊಂಡದ್ದು ಸುಮಾರು 150 ಡಾಲರಿನ ಬೂಟು, ಮೊಳೆಗಳಿಗೆ ಬೇರೆಯಾಗಿ ಇನ್ನೊಂದು 35 ಡಾಲರ್ ಆಯಿತು. ಫೆಲ್ಟ್ ಬೂಟು ಇದಕ್ಕಿಂತ ಸ್ವಲ್ಪ ಅಗ್ಗ. ಆದರೆ ಮಾರ್ಚ್‌ನಲ್ಲಿ ನಾನು ಮೇರಿಲ್ಯಾಂಡ್‌ನ ಗನ್‌ಪೌಡರ್ ಹೊಳೆಗೂ ಹೋಗುತ್ತೇನೆ, ಅಲ್ಲಿ ಫೆಲ್ಟ್ ತೊಡುವಂತಿಲ್ಲ. ಎರಡು ಜೊತೆ ಬೂಟಿಗೆ ದುಡ್ಡು ಸುರಿಯುವ ಮನಸ್ಸು ನನಗಿಲ್ಲ. ವರ್ಷವಿಡೀ ಒಂದೇ ಹೊಳೆ, ಮನೆ ಹತ್ತಿರ, ನಡಿಗೆಯೂ ಕಡಿಮೆ ಎನ್ನುವವರು ಫೆಲ್ಟ್ ಇಟ್ಟುಕೊಳ್ಳಲಿ.

ಅಟ್ಟೆ ಬಾಯಿ ಬಿಟ್ಟ ಮೇಲೆ ಮೈಸೂರಿನ ಗೆಳೆಯನೂ ಹೊಸ ಬೂಟು ಹುಡುಕುತ್ತಿದ್ದಾನೆ. ಅವನಿಗೆ ಇಷ್ಟು ಬರೆದು ಕಳಿಸಿದ್ದೇನೆ: ವೇಡರ್‌ನ (ನೀರಿಗಿಳಿಯಲು ತೊಡುವ, ನೀರು ಒಳಬಿಡದ ಉಡುಪಿನ) ಪಾದ ಮತ್ತು ಉಣ್ಣೆಯ ಕಾಲುಚೀಲ ಎರಡೂ ಒಳಗೆ ಹಿಡಿಯಬೇಕು, ಆದ್ದರಿಂದ ಒಂದು ಅಳತೆ ದೊಡ್ಡದನ್ನೇ ತೆಗೆದುಕೊ. ಮೊಳೆಗಳನ್ನು ಅಟ್ಟೆಯ ನಡುವೆ ತುಂಬಬೇಡ. ಹೆಬ್ಬೆರಳ ಅಂಚಿಗೆ, ಹೊರ ಅಂಚಿಗೆ, ಹಿಮ್ಮಡಿಗೆ ಹಾಕು. ಮೊದಲ ದಿನ ಹೊಳೆಯಿಂದ ಬಂದ ಮೇಲೆ ಎಲ್ಲವನ್ನೂ ಇನ್ನೊಮ್ಮೆ ತಿರುಪಿ ಬಿಗಿಮಾಡು, ಸಡಿಲವಾಗುವುದು ಆಗಲೇ. ನಾಲ್ಕೈದು ಮೊಳೆ ಜೇಬಿನಲ್ಲಿ ಹೆಚ್ಚಿಗೆ ಇರಲಿ.