'ಡೈವಿಂಗ್ ಬೆಲ್ ಅಂಡ್ ದಿ ಬಟರ್‌ಫ್ಲೈ' ಓದಿದ್ಮೇಲೆ ದೊಡ್ಡಪ್ಪನ ಟೀವಿ ಆಫ್ ಮಾಡೋದು ಬಿಟ್ಟೆ

ದೊಡ್ಡಪ್ಪಂಗೆ ಸ್ಟ್ರೋಕ್ ಆಗಿ ಬಲಗಡೆ ಬಿದ್ದೋಗಿ ಮಾತೂ ನಿಂತು ಒಂದೂವರೆ ವರ್ಷ ಆಯ್ತು. ಏನ್ ಕೇಳಿದ್ರೂ ಬಾಯಿಗೆ ಬರೋದು "ನಾಳೆ" ಒಂದೇ. ಕಾಫಿ ಬೇಕಾ ಅಂದ್ರೂ ನಾಳೆ, ಫ್ಯಾನ್ ಹಾಕ್ಲಾ ಅಂದ್ರೂ ನಾಳೆ. ನೋಡೋಕೆ ಬಂದೋರೆಲ್ಲ ಕಿವುಡರ ಹತ್ರ ಮಾತಾಡೋ ಹಂಗೆ ಕಿರುಚೋರು, ಆಮೇಲೆ ಅವರ ಎದುರಿಗೇ ದೊಡ್ಡಮ್ಮನ್ನ "ಊಟ ಮಾಡ್ತಾರಾ, ನಿದ್ದೆ ಬರುತ್ತಾ" ಅಂತ ವಿಚಾರಿಸೋರು. ನಾನೂ ಹಂಗೇ ಮಾಡಿದೀನಿ, ಸುಳ್ಳ್ಯಾಕೆ ಹೇಳ್ಲಿ.

ಆಗ ಫ್ರೆಂಡ್ ಒಬ್ಳು ಹೇಳಿದ್ಲು ಅಂತ ಈ ಪುಸ್ತಕ ತರಿಸ್ದೆ. 150 ಪುಟನೂ ಇಲ್ಲ. ಬರೆದೋನು ಜೀನ್ ಡೊಮಿನಿಕ್ ಬೋಬಿ, ಪ್ಯಾರಿಸ್‌ನ 'ಎಲ್' ಅನ್ನೋ ಫ್ಯಾಷನ್ ಮ್ಯಾಗಜೀನಿನ ಎಡಿಟರ್. 1995ರ ಡಿಸೆಂಬರ್‌ನಲ್ಲಿ ಸ್ಟ್ರೋಕ್, ಆಗ ವಯಸ್ಸು 43. ಲಾಕ್ಡ್-ಇನ್ ಸಿಂಡ್ರೋಮ್ ಅಂತೆ, ತಲೆ ಒಳಗೆ ಎಲ್ಲ ನೆಟ್ಟಗಿದೆ ಆದ್ರೆ ಮೈಯಲ್ಲಿ ಆಡೋದು ಎಡಗಣ್ಣಿನ ರೆಪ್ಪೆ ಮತ್ತೆ ತಲೆ ಒಂಚೂರು ಅಷ್ಟೇ. ಎದುರಿಗಿರೋರು ಒಂದೊಂದೇ ಅಕ್ಷರ ಹೇಳ್ತಾ ಹೋಗ್ಬೇಕು, ಬೇಕಾದ ಅಕ್ಷರ ಬಂದಾಗ ಇವ್ನು ರೆಪ್ಪೆ ಮಿಟುಕಿಸ್ತಾನೆ. ಎ ಬಿ ಸಿ ಸಾಲಲ್ಲಲ್ಲ, ಫ್ರೆಂಚಲ್ಲಿ ಜಾಸ್ತಿ ಬರೋ ಅಕ್ಷರ ಮೊದ್ಲು, ಇ, ಎಸ್, ಎ, ಆರ್, ಹಿಂಗೆ. ಇಡೀ ಪುಸ್ತಕ ಬರ್ಸಿದ್ದೇ ಹಂಗೆ. 1997ರ ಮಾರ್ಚಲ್ಲಿ ಪ್ರಿಂಟಾಯ್ತು, ಕೆಲವೇ ದಿನಕ್ಕೆ ಆತ ಹೋಗ್ಬಿಟ್ಟ.

ಅಳೋ ಪುಸ್ತಕ ಅನ್ಕೊಂಡಿದ್ದೆ, ಅಲ್ಲ, ಆಸಾಮಿ ಒಳ್ಳೆ ಕುಚೋದ್ಯದೋನು. ನಂಗೆ ನಾಟಿದ್ದು ಚಿಕ್ಕ ಚಿಕ್ಕ ವಿಷಯ. ಕನ್ನಡಕ ಕೇಳೋಕೆ 'ಲುನೆಟ್' ಅಂತ ಶುರು ಮಾಡಿದ್ರೆ ಎದುರಿಗಿದ್ದೋರು ಅರ್ಧಕ್ಕೇ 'ಲೂನ್' ಅನ್ಕೊಂಡು ಚಂದ್ರ ತಗೊಂಡು ಏನ್ ಮಾಡ್ತೀಯ ಅಂತಾರೆ. ಇನ್ನೊಂದ್ಕಡೆ ಫುಟ್ಬಾಲ್ ಮ್ಯಾಚ್ ನೋಡ್ತಾ ಇರೋವಾಗ ಯಾರೋ ಬಂದು ಟೀವಿ ಆಫ್ ಮಾಡಿ ಗುಡ್ ನೈಟ್ ಹೇಳಿ ಹೊರಟೇ ಹೋಗ್ತಾರೆ. ಅದನ್ನ ಓದಿ ಪುಸ್ತಕ ಮುಚ್ಚಿಟ್ಟೆ. ಯಾಕಂದ್ರೆ ರಾತ್ರಿ ಒಂಬತ್ತೂವರೆ ಆಗ್ತಿದ್ದಂಗೆ ಐಪಿಎಲ್ ಎಷ್ಟನೇ ಓವರಲ್ಲಿದ್ರೂ ದೊಡ್ಡಪ್ಪನ ಟೀವಿ ಆಫ್ ಮಾಡ್ತಿದ್ದೋಳು ನಾನೇ, ಅವ್ರು "ನಾಳೆ ನಾಳೆ" ಅಂದ್ರೆ ಹೂಂ ನಾಳೆ ನೋಡೋಣ ಮಲ್ಕೊಳಿ ದೊಡ್ಡಪ್ಪ ಅಂತ ಬೆಡ್‌ಶೀಟ್ ಹೊದಿಸ್ತಿದ್ದೆ.

ಓದಿದ ಹುರುಪಲ್ಲಿ ಒಂದು ಪೆದ್ದು ಕೆಲಸನೂ ಮಾಡ್ದೆ. ರಟ್ಟಿನ ಮೇಲೆ ಕನ್ನಡದ್ದೇ ಒಂದು ಚಾರ್ಟ್, ಮೊದ್ಲು ಕ ಚ ಟ ತ ಪ ಸಾಲು ಕೇಳೋದು, ಆಮೇಲೆ ಅಕ್ಷರ, ಆಮೇಲೆ ಕಾಗುಣಿತ, ಒತ್ತಕ್ಷರ ಬಂದ್ರೆ ದೇವ್ರೇ ಗತಿ. ದೊಡ್ಡಪ್ಪ ಚಾರ್ಟ್ ನೋಡಿದ್ರು, ನನ್ನ ಮುಖ ನೋಡಿದ್ರು, ರಟ್ಟು ಎಡಗೈಯಲ್ಲಿ ಪಕ್ಕಕ್ಕೆ ತಳ್ಳಿ ನಾಳೆ ಅಂದ್ರು. ಸ್ಪೀಚ್ ಥೆರಪಿಸ್ಟ್ ಮೇಡಂ ಆಮೇಲೆ ಬಿಡಿಸಿ ಹೇಳಿದ್ರು, ಬೋಬಿಗೆ ಪೆಟ್ಟಾಗಿದ್ದು ಮೆದುಳಿನ ಕಾಂಡಕ್ಕೆ, ಭಾಷೆ ಪೂರ್ತಿ ಹಂಗೇ ಇತ್ತು. ದೊಡ್ಡಪ್ಪಂದು ಅಫೇಸಿಯಾ, ಪೆಟ್ಟು ಬಿದ್ದಿರೋದೇ ಭಾಷೆ ಇರೋ ಜಾಗಕ್ಕೆ, ನಾವು ಹೇಳಿದ್ದು ಸುಮಾರು ಅರ್ಥ ಆಗುತ್ತೆ ಆದ್ರೆ ಪದ ಕೈಗೆ ಸಿಗಲ್ಲ, ಅಕ್ಷರ ಜೋಡಿಸೋದಂತೂ ಇನ್ನೂ ಕಷ್ಟ. ಚಿತ್ರ ತೋರ್ಸಿ, ಒಂದ್ಸಲಕ್ಕೆ ಒಂದೇ ಪ್ರಶ್ನೆ, ಕೇಳಿ ಸುಮ್ನೆ ಕಾಯಿರಿ ಅಂದ್ರು. ಅದಕ್ಕೇ, ಪೇಷಂಟ್ ನೋಡ್ಕೊಳ್ಳೋದು ಹೆಂಗೆ ಅಂತ ಕಲಿಯೋಕೆ ಈ ಪುಸ್ತಕ ತಗೋಬೇಡಿ, ಅದ್ರಲ್ಲಿ ಅದಿಲ್ಲ.

ಬೇಜಾರಾಗಿದ್ದು ಅಂದ್ರೆ ಕನಸಿನ ಚಾಪ್ಟರ್‌ಗಳು, ಫ್ರಾನ್ಸಿನ ಹಳೇ ಮಹಾರಾಣಿ ಕಥೆ, ನಂಗೆ ಹತ್ಲಿಲ್ಲ, ಹಾರಿಸ್ಕೊಂಡು ಹೋದೆ. ಇಂಗ್ಲಿಷ್ ಅನುವಾದ ಸಲೀಸಾಗಿದೆ. ನಂಗೆ ಬಂದ ಕಾಪಿ ರಟ್ಟು ಮಡಚ್ಕೊಂಡೇ ಬಂತು, ಪ್ರಿಂಟೂ ಸಣ್ಣದು. ಐದಕ್ಕೆ ನಾಲ್ಕು ಸ್ಟಾರ್.

ಈಗ ರಿಮೋಟ್ ದೊಡ್ಡಪ್ಪನ ಎಡಗೈ ಪಕ್ಕನೇ ಇರುತ್ತೆ. ಮೊನ್ನೆ ಹನ್ನೊಂದೂವರೆ ತನಕ ಮ್ಯಾಚ್ ನೋಡಿದ್ರು, ಆರ್‌ಸಿಬಿ ಸೋತಿದ್ದಕ್ಕೆ ದೊಡ್ಡಮ್ಮಂಗೆ ಬೈದ್ರು, ನಾಳೆ ನಾಳೆ ನಾಳೆ ಅಂತ.