ಜಾಹೀರಾತಿನ ಕೆಳಗಿನ ಆ ಕ್ಲಿಕ್ ಲೆಕ್ಕ: ಮೂರು ತಿಂಗಳು ಹಣ ಹಾಕಿದವಳ ಮಾತು

ಮಲ್ಲೇಶ್ವರದ 15ನೇ ಕ್ರಾಸ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಸೀರೆಗೆ ಕುಚ್ಚು ಕಟ್ಟುತ್ತೇನೆ, ಫಾಲ್ಸ್ ಹಾಕಿಕೊಡುತ್ತೇನೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಕೆಲಸ ಜಾಸ್ತಿ ಬರಲಿ ಅಂತ ಜೂನ್‌ನಲ್ಲಿ ಒಂದು ಸರ್ಚ್ ಆಪ್‌ನಲ್ಲಿ ಜಾಹೀರಾತು ಹಾಕಿದೆ. ಯಾರಾದರೂ ಆ ಜಾಹೀರಾತನ್ನು ಒತ್ತಿದರೆ, ಒಂದು ಕ್ಲಿಕ್‌ಗೆ ನಾನು 11 ರೂಪಾಯಿ ಕೊಡಬೇಕು.

ಈ ಆಪ್‌ನಲ್ಲಿ ಒಂದು ವಿಶೇಷ ಇದೆ. ಪ್ರತಿ ಜಾಹೀರಾತಿನ ಕೆಳಗೂ ಇಲ್ಲಿವರೆಗೆ ಎಷ್ಟು ಜನ ಅದನ್ನು ಒತ್ತಿದ್ದಾರೆ ಅಂತ ಎಲ್ಲರಿಗೂ ಕಾಣುತ್ತದೆ. ಬೇರೆ ಕಡೆ ಆ ಲೆಕ್ಕ ಹಣ ಕೊಟ್ಟವರಿಗೆ ಮಾತ್ರ ಗೊತ್ತಿರುತ್ತದೆ.

ಮೊದಲ ವಾರ ನನ್ನ ಹೆಸರಿನ ಕೆಳಗೆ '9 ಕ್ಲಿಕ್' ಅಂತಿತ್ತು. ಪಟ್ಟಿಯಲ್ಲಿ ನನಗಿಂತ ಮೇಲಿದ್ದ ದೊಡ್ಡ ಅಂಗಡಿಯ ಹೆಸರಿನ ಕೆಳಗೆ 2,340. ನೀವೇ ಹೇಳಿ, ಮದುವೆ ಸೀರೆ ಕೈಯಲ್ಲಿ ಹಿಡಿದವರು ಯಾರ ಹತ್ತಿರ ಹೋಗುತ್ತಾರೆ? 25 ವರ್ಷದಿಂದ ರೇಷ್ಮೆ ದಾರ ಹಿಡಿದಿದ್ದೇನೆ. ಸೆರಗಿನ ಎಳೆಗಳನ್ನು ಸಮನಾಗಿ ಬಿಡಿಸಿ, ಒಂದೊಂದು ಗಂಟಿಗೂ ಮಣಿ ಪೋಣಿಸಿ ಕಟ್ಟುವುದಕ್ಕೆ ಒಂದು ಸೀರೆಗೆ ಅರ್ಧ ದಿನ ಬೇಕು. ಅದು ಯಾವುದೂ ಆ ಒಂಬತ್ತರಲ್ಲಿ ಕಾಣಲಿಲ್ಲ.

ಆಪ್‌ನವರಿಗೆ ಫೋನ್ ಮಾಡಿದೆ. ಆ ಹುಡುಗಿ ಚೆನ್ನಾಗಿ ಕನ್ನಡದಲ್ಲೇ ಮಾತಾಡಿದಳು, ಅದಕ್ಕೆ ಪೂರ್ತಿ ಅಂಕ. ಆದರೆ ಅವಳು ಹೇಳಿದ್ದು, "ಮೇಡಂ, ಮೇಲಿನ ಜಾಗಕ್ಕೆ ಸ್ವಲ್ಪ ಜಾಸ್ತಿ ಕಟ್ಟಿ, ಲೆಕ್ಕ ತಾನಾಗೇ ಏರುತ್ತೆ." ಎರಡು ವಾರ ಕಟ್ಟಿದೆ. ನಿಜವಾಗಿಯೂ ಏರಿತು, 400 ದಾಟಿತು. ನನ್ನ ಕುಚ್ಚು ಮೊದಲು ಹೇಗಿತ್ತೋ ಹಾಗೇ ಇತ್ತು. ಬದಲಾಗಿದ್ದು ಜಾಹೀರಾತಿನ ಜಾಗ ಮಾತ್ರ.

ಆಮೇಲೆ ರಾಜಾಜಿನಗರದಿಂದ ಒಬ್ಬರು ಬಂದು, "ಅಷ್ಟು ಜನ ಮಾಡಿಸಿಕೊಂಡಿದ್ದಾರಲ್ವಾ, ಅದಕ್ಕೇ ಬಂದೆ" ಅಂದರು. ನನಗೆ ಬೇಜಾರಾಯಿತು. ಅವರು ಮಾಡಿಸಿಕೊಂಡವರಲ್ಲ, ಒತ್ತಿ ನೋಡಿದವರು ಅಂತ ಅವರಿಗೆ ಬಿಡಿಸಿ ಹೇಳಿದೆ. ರೇಟ್ ನೋಡಿ ವಾಪಸ್ ಹೋದವರು, ಕೈ ತಪ್ಪಿ ಒತ್ತಿದವರು, ಎಲ್ಲರೂ ಆ ಲೆಕ್ಕದಲ್ಲಿದ್ದಾರೆ.

ಇನ್ನೊಂದು ಸಂಗತಿ. ಜುಲೈನಲ್ಲಿ ಒಂದು ರಾತ್ರಿ ಎರಡು ಗಂಟೆಯಿಂದ ಮೂರರ ಒಳಗೆ 37 ಕ್ಲಿಕ್ ಬಂದವು. 407 ರೂಪಾಯಿ ಹೋಯಿತು. ಬೆಳಿಗ್ಗೆ ಒಂದೂ ಫೋನ್ ಇಲ್ಲ. ದೂರು ಕೊಟ್ಟೆ, ದುಡ್ಡು ಇನ್ನೂ ಬಂದಿಲ್ಲ. ಆ ರಾತ್ರಿ ಒತ್ತಿದ್ದು ಯಾರೋ ಗೊತ್ತಿಲ್ಲ. ಆದರೆ ಲೆಕ್ಕ ಎಲ್ಲರ ಕಣ್ಣಿಗೂ ಬೀಳುವಾಗ ತನ್ನದನ್ನು ತಾನೇ ಏರಿಸಿಕೊಳ್ಳುವ ಆಸೆ ಯಾರಿಗೆ ಬರುವುದಿಲ್ಲ? ಎದುರಾಳಿಗೆ ನಮ್ಮ ಜಾಹೀರಾತು ಎಷ್ಟು ಓಡುತ್ತಿದೆ ಅನ್ನುವುದೂ ಸುಮ್ನೆ ಕೂತಲ್ಲೇ ಗೊತ್ತಾಗುತ್ತದೆ.

ನನ್ನ ಮಗಳು ಇದೇ ಜಾಹೀರಾತು ಕೆಲಸದಲ್ಲಿದ್ದಾಳೆ. ಇಂಥದ್ದು ಹೊಸದಲ್ಲ ಅಂದಳು. 1998ರಲ್ಲಿ ಅಮೆರಿಕದ ಗೋಟೂ.ಕಾಮ್ ಅನ್ನುವ ಸರ್ಚ್ ಕಂಪನಿ ಕ್ಲಿಕ್‌ಗೆ ಹಣ ಅನ್ನುವ ಪದ್ಧತಿ ತಂದಾಗ, ಯಾರು ಒಂದು ಕ್ಲಿಕ್‌ಗೆ ಎಷ್ಟು ಕೊಡುತ್ತಿದ್ದಾರೆ ಅನ್ನುವುದನ್ನೇ ಎಲ್ಲರಿಗೂ ತೋರಿಸುತ್ತಿತ್ತಂತೆ. ಅದು ಎಷ್ಟೋ ವಾಸಿ ಅನ್ನಿಸಿತು. ಕೊಟ್ಟ ದುಡ್ಡನ್ನು ದುಡ್ಡು ಅಂತಲೇ ತೋರಿಸಿದರೆ ನೋಡುವವರಿಗೆ ಮೋಸ ಇಲ್ಲ. 2006ರಲ್ಲಿ ಸೈನ್ಸ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದ ಬಗ್ಗೆಯೂ ಹೇಳಿದಳು. 14,000ಕ್ಕೂ ಹೆಚ್ಚು ಜನರನ್ನು ಬೇರೆ ಬೇರೆ ಗುಂಪು ಮಾಡಿ, ಅವರ ಮುಂದೆ ಹೆಸರು ಕೇಳಿರದ ತಂಡಗಳ 48 ಹಾಡು ಇಟ್ಟರು. ಎಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆ ಅಂತ ಕಂಡ ಗುಂಪುಗಳಲ್ಲಿ ಮುಂದಿದ್ದ ಹಾಡು ಇನ್ನೂ ಮುಂದೆ ಹೋಯಿತು. ಯಾವ ಹಾಡು ಮುಂದೆ ಬರುತ್ತದೆ ಅನ್ನುವುದು ಮಾತ್ರ ಗುಂಪಿನಿಂದ ಗುಂಪಿಗೆ ಬೇರೆಯಾಗುತ್ತಿತ್ತು. ನನ್ನ ಒಂಬತ್ತು ಕ್ಲಿಕ್, ಆ ದೊಡ್ಡ ಅಂಗಡಿಯ 2,340 ಕ್ಲಿಕ್ ನೆನಪಾದವು.

ಗಿರಾಕಿಯಾಗಿ ನಾನೂ ಇದೇ ಆಪ್ ನಂಬಿ ಮಿಕ್ಸಿ ರಿಪೇರಿಗೆ ಜನ ಕರೆಸಿದ್ದೆ. ಜಾಸ್ತಿ ಕ್ಲಿಕ್ ಇದ್ದವರನ್ನೇ. ಬಂದು ನೋಡಿದ್ದಕ್ಕೇ 350 ರೂಪಾಯಿ ತಗೊಂಡು, ಜಾರ್ ಬದಲಾಯಿಸಿ ಅಂತ ಹೇಳಿ ಹೋದರು. ಕೆಟ್ಟಿದ್ದು ಮೋಟಾರಿಗೆ ಜಾರ್ ಜೋಡಿಸುವ ಕಪ್ಲರ್. ಪಕ್ಕದ ಬೀದಿಯ ಅಂಗಡಿಯವರು ಹತ್ತು ನಿಮಿಷದಲ್ಲಿ ಸರಿ ಮಾಡಿಕೊಟ್ಟರು.

ಐದಕ್ಕೆ ಎರಡು ಕೊಡುತ್ತೇನೆ. ಆ ಎರಡೂ ಫೋನ್ ಎತ್ತುವ ಹುಡುಗಿಗೆ ಮತ್ತು ಬಿಲ್ ಸ್ಪಷ್ಟವಾಗಿ ಕೊಡುವುದಕ್ಕೆ. ಲೆಕ್ಕ ತೋರಿಸಲೇಬೇಕು ಅಂದರೆ ಈ ತಿಂಗಳು ಎಷ್ಟು ಜನ ಫೋನ್ ಮಾಡಿದರು ಅಂತ ತೋರಿಸಲಿ, ಪಕ್ಕದಲ್ಲೇ ಹಣ ಕೊಟ್ಟು ಪಡೆದ ಜಾಗ ಅಂತಲೂ ಬರೆಯಲಿ. ಅಲ್ಲಿವರೆಗೆ ದೀಪಾವಳಿಗೆ ಇಟ್ಟಿದ್ದ ಜಾಹೀರಾತಿನ ದುಡ್ಡಲ್ಲಿ ದಾರ, ಮಣಿ ತರುತ್ತೇನೆ.